‘ಸೀಪೇಜ್’ ಎಂಬ ಮಾತೂ ಜಿನುಗುನೀರಿನ ವಿಚಾರವೂ

ಕೆರೆ, ನಾಲೆ, ಅಣೆಕಟ್ಟುಗಳ ವಿಷಯವಾಗಿ ಇಂಜಿನಿಯರುಗಳೂ ವ್ಯವಸಾಯ ಇಲಾಖೆಯವರೂ ಬರೆಯುವ ಕಾಗದಪತ್ರಗಳಲ್ಲಿ ‘ಸೀಪೇಜ್’ ಎಂಬ ಇಂಗ್ಲಿಷ್ ಮಾತು ಮೇಲಿಂದ ಮೇಲೆ ಬರುತ್ತದೆ. ನಾಲೆಯ ಬಯಲಿನ ರೈತರೂ ಈ ಮಾತನ್ನು ‘ಸೀಪೇಜು’ ಎಂದು ತಿದ್ದಿಕೊಂಡು ತಮ್ಮದಾಗಿ ಮಾಡಿಕೊಂಡಿದ್ದಾರೆ. ಆದರೆ ಅದರ ಅರ್ಥವನ್ನು ವಿಚಾರಿಸಿದರೆ ಒಬ್ಬನು ಏರಿಯ ಬುಡದ ತೇವವನ್ನು ತೋರಿಸುತ್ತಾನೆ, ಇನ್ನೊಬ್ಬನು ಜೌಗು ಹಿಡಿದ ತನ್ನ ರಾಗಿಯ ಹೊಲವನ್ನು ತೋರಿಸುತ್ತಾನೆ, ಮತ್ತೊಬ್ಬನು ತೂಬಿನ ಪಕ್ಕದಲ್ಲಿ ಬುಳುಬುಳನೆ ಬರುವ ನೀರನ್ನು ತೋರಿಸುತ್ತಾನೆ. ಮೂರಕ್ಕೂ ಒಂದೇ ಹೆಸರಾದರೂ ಮೂರೂ ಒಂದೇ ಅಲ್ಲ. ಒಂದಕ್ಕೆ ಮಾಡತಕ್ಕ ಚಿಕಿತ್ಸೆಯನ್ನು ಇನ್ನೊಂದಕ್ಕೆ ಮಾಡಿದರೆ ಬೆಳೆ ಹೋಗಬಹುದು. ಕೆಲವು ಸಂದರ್ಭಗಳಲ್ಲಿ ಕೆರೆಯೇ ಹೋಗಬಹುದು. ಆದಕಾರಣ ಮೊದಲು ಮಾತನ್ನೂ ಅನಂತರ ನೀರನ್ನೂ ಪರಿಶೀಲಿಸುವುದು ಯುಕ್ತವಾಗಿದೆ.

ದ್ರವಪದಾರ್ಥವು ಮಣ್ಣು, ಕಲ್ಲು, ಗೋಡೆ ಮುಂತಾದವುಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಮೂಲಕ ಮೆಲ್ಲಮೆಲ್ಲನೆ ಹಾದು ಹೊರಬೀಳುವುದಕ್ಕೆ ಇಂಗ್ಲಿಷಿನಲ್ಲಿ ‘ಸೀಪ್’ ಎಂಬ ಕ್ರಿಯಾಪದವಿದೆ. ‘ಸೀಪೇಜ್’ ಎಂಬುದು ಅದರಿಂದಾದ ನಾಮಪದ. ಅದು ಹಾಗೆ ಬರುವ ನೀರಿಗೂ, ಬರುವ ಕ್ರಮಕ್ಕೂ, ಬರುವ ಸ್ಥಳಕ್ಕೂ ಸಲ್ಲುತ್ತದೆ. ಈ ಮಾತು ವಿದ್ವಾಂಸರ ಸೃಷ್ಟಿಯಲ್ಲ. ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಹಳ್ಳಿಗರ ‘ಸೈಪ್’ ಎಂಬ ಆಡುಮಾತಿಗೆ ಇದು ಸೋದರನೆಂದೂ, ಎರಡಕ್ಕೂ ಮೂಲ ನೆನೆಯುವುದೆಂಬ ಅರ್ಥದ ಹಳೆಯ ಇಂಗ್ಲಿಷ್ ಶಬ್ದವಿರಬೇಕೆಂದೂ ನಿಘಂಟುಕಾರರು ಹೇಳುತ್ತಾರೆ. ಇದರ ನೆರೆಯ ಮಾತಾದ ‘ಊಜ್’ ಎಂಬುದು ಗಟ್ಟಿಯಾದ, ಅಂಟಾದ ದ್ರವ ಒಸರುವುದಕ್ಕೆ ಹೆಚ್ಚಾಗಿ ಒಪ್ಪುತ್ತದೆ. ಕೆಸರು, ಗಾಯದ ಕೀವು, ಮರದ ಅಂಟು ಇವು ಅದರ ಕ್ಷೇತ್ರ. ‘ಪರ್ಕೊಲೇಷನ್’ ಎಂಬುದು ಲ್ಯಾಟಿನ್ನಿನಿಂದ ಬಂದದ್ದು. ಅದರಲ್ಲಿ ಸೋಸುವುದೆಂಬ ಅರ್ಥ ಅಡಗಿದೆ. ನೆಲದೊಳಕ್ಕೆ ಕೆಳಮುಖವಾಗಿ ಹೋಗುವ ನೀರಿಗೆ ಇದನ್ನೂ, ಪಕ್ಕಕ್ಕೆ ಅಥವಾ ಹೊರಕ್ಕೆ ಬರುವ ನೀರಿಗೆ ‘ಸೀಪೇಜ್’ ಎಂಬುದನ್ನೂ ಇಂಜಿನಿಯರುಗಳು ಸಾಮಾನ್ಯವಾಗಿ ಬಳಸುವುದುಂಟು. ‘ಲೀಕ್’ ಎಂದರೆ ಬಿರುಕಿನಿಂದಲೋ ತೂತಿನಿಂದಲೋ ಹೊರಡುವ ಸೋರಿಕೆ.

ಇಂಗ್ಲಿಷಿನವರು ಈ ಕ್ರಿಯಾಪದವನ್ನು ನೀರಿಗಲ್ಲದೆ ಸುದ್ದಿ, ಬೆಳಕು, ಭಯ ಮುಂತಾದವುಗಳಿಗೂ ಸಲ್ಲಿಸುತ್ತಾರೆ. ಕನ್ನಡದಲ್ಲಿ ಗುಟ್ಟು ಸೋರುತ್ತದೆ, ಬೆವರು ಬಸಿಯುತ್ತದೆ, ಬಾಯಾರಿಕೆ ಇಂಗುತ್ತದೆ. ಕೈಯಿಂದ ಕಾಸು ಬಿಡಲಾರದವನಿಗೆ ‘ಜಿನುಗ’ನೆಂಬ ಹೆಸರೂ ಉಂಟು. ಭಾಷೆ ಬೇರೆಯಾದರೂ ನಿಧಾನವಾಗಿ ಹರಿಯುವ ನೀರನ್ನು ನೋಡಿದ ಕಣ್ಣು ಒಂದೇ.

ಈ ವಿಷಯದಲ್ಲಿ ಕನ್ನಡಕ್ಕೆ ಬಡತನವಿಲ್ಲ. ಮಳೆಯ ನೀರು ನೆಲದೊಳಕ್ಕೆ ಇಳಿದು ಮಾಯವಾದರೆ ಅದು ಇಂಗಿತು. ಬಂಡೆಯ ಸಂದಿನಲ್ಲಿ ತೆಳುವಾಗಿ ಮೈಗೂಡಿ ಬಂದರೆ ಒಸರಿತು. ಸಣ್ಣ ಸಣ್ಣ ಹನಿಯಾಗಿ ಎಲ್ಲೆಲ್ಲಿಯೂ ಬೆವರಿನಂತೆ ಮೂಡಿದರೆ ಜಿನುಗಿತು. ಅನ್ನದ ಗಂಜಿಯಂತೆ ತಾನಾಗಿ ಕೆಳಗಿಳಿದು ಬೇರ್ಪಟ್ಟರೆ ಬಸಿಯಿತು. ತೂತಿನಿಂದ ಹೋದರೆ ಸೋರಿತು. ಹೊಳೆಯ ಮರಳನ್ನು ಕೈಯಿಂದ ತೋಡಿದಾಗ ಬರುವುದು ಒರತೆ. ನೆಲದಿಂದ ತಾನಾಗಿ ಉಕ್ಕುವುದು ಊಟೆ ಅಥವಾ ಚಿಲುಮೆ. ನೀರು ನಿಂತು ಕಾಲು ಹೂಳುವ ನೆಲ ಜೌಗು. ಇಷ್ಟು ಮಾತುಗಳನ್ನು ಮನೆಯಲ್ಲಿಟ್ಟುಕೊಂಡ ರೈತನು ಅಧಿಕಾರಿಗಳ ಮುಂದೆ ನಿಂತಾಗ ಎಲ್ಲವನ್ನೂ ‘ಸೀಪೇಜು’ ಎಂದು ಹೇಳಿಬಿಡುವುದು ವಿನಯವಿರಬಹುದು. ಆದರೆ ಅದರಿಂದ ಅವನ ಕೆಲಸ ಕೆಡುತ್ತದೆ. ಉದಾಹರಣೆಗೆ, “ಏರಿ ಜಿನುಗುತ್ತಿದೆ” ಎಂಬ ಅರ್ಜಿಗೂ “ಏರಿ ಸೋರುತ್ತಿದೆ” ಎಂಬ ಅರ್ಜಿಗೂ ನಡುವೆ ಒಂದು ಊರಿನ ಪ್ರಾಣವೇ ಇರಬಹುದು. ಎರಡನ್ನೂ ಗುಮಾಸ್ತನು ಒಂದೇ ಮಾತಿನಲ್ಲಿ ಬರೆದು ಕಡತದಲ್ಲಿಟ್ಟರೆ, ಯಾವುದಕ್ಕೆ ಅದೇ ದಿನ ಹೊರಡಬೇಕು, ಯಾವುದಕ್ಕೆ ಮುಂದಿನ ವಾರ ಹೊರಟರೆ ಸಾಕು ಎಂಬುದು ತಿಳಿಯುವುದು ಹೇಗೆ?

ಏರಿಯ ಜಿನುಗು

ಮಣ್ಣಿನ ಏರಿ ಎಷ್ಟು ಚೆನ್ನಾಗಿ ಕಟ್ಟಿದ್ದರೂ ಅದರೊಳಗೆ ಸ್ವಲ್ಪ ನೀರು ಹಾಯದೆ ಇರುವುದಿಲ್ಲ. ಫ್ರಾನ್ಸ್ ದೇಶದ ದಿಜೋನ್ ನಗರಕ್ಕೆ ಕುಡಿಯುವ ನೀರನ್ನು ಒದಗಿಸಿದ ಇಂಜಿನಿಯರ್ ಆನ್ರಿ ಡಾರ್ಸಿ ಎಂಬಾತನು ಮರಳಿನ ಮೂಲಕ ನೀರು ಹಾಯುವ ವೇಗವನ್ನು ಅಳೆದು 1856ರಲ್ಲಿ ಒಂದು ನಿಯಮವನ್ನು ಪ್ರಕಟಿಸಿದನು. ಅದು ಬಹು ಸರಳವಾದದ್ದು. ನೀರಿನ ಮಟ್ಟದ ವ್ಯತ್ಯಾಸ ಹೆಚ್ಚಿದಷ್ಟೂ ಜಿನುಗು ಹೆಚ್ಚುತ್ತದೆ. ನೀರು ಹಾಯಬೇಕಾದ ದಾರಿ ಉದ್ದವಾದಷ್ಟೂ ಕಡಮೆಯಾಗುತ್ತದೆ. ಉಳಿದದ್ದು ಮಣ್ಣಿನ ಗುಣ. ಮರಳಿನಲ್ಲಿ ಓಡುವ ನೀರು ಜೇಡಿಯಲ್ಲಿ ತೆವಳುತ್ತದೆ. ಹಿಂದಿನವರು ಏರಿಯ ಬುಡವನ್ನು ಅಷ್ಟು ಅಗಲವಾಗಿ ಏಕೆ ಕಟ್ಟಿದರು ಎಂಬುದಕ್ಕೆ ಈ ನಿಯಮದಲ್ಲಿ ಉತ್ತರವಿದೆ. ಡಾರ್ಸಿಯ ಹೆಸರನ್ನು ಕೇಳದೆಯೇ ಅವರು ನೀರಿನ ದಾರಿಯನ್ನು ಉದ್ದಮಾಡಿದ್ದರು.

ಇದರಿಂದ ರೈತರು ಗಮನಿಸತಕ್ಕ ಎರಡು ಸಂಗತಿಗಳು ಹೊರಡುತ್ತವೆ. ಏರಿಯ ಹಿಂಬದಿಯ ಬುಡದಲ್ಲಿ ಮಣ್ಣನ್ನು ಅಗೆದು ಮನೆಗೋ ಗದ್ದೆಗೋ ಸಾಗಿಸುವುದು ನೀರಿನ ದಾರಿಯನ್ನು ಮೊಟಕುಮಾಡಿದಂತೆ. ಕೆರೆಯ ಒಳಗೆ ಗೋಡು ತೆಗೆಯುವಾಗ ಏರಿಗೆ ಹೊಂದಿಕೊಂಡಂತೆ ಆಳವಾಗಿ ತೋಡುವುದೂ ಅಷ್ಟೇ ಅಪಾಯಕರ. ವರ್ಷಗಟ್ಟಲೆ ಕುಳಿತ ನಯವಾದ ಗೋಡು ಕೆರೆಯ ತಳಕ್ಕೆ ಹೊದಿಕೆಯಂತಿರುತ್ತದೆ. ಅದನ್ನು ಏರಿಯ ಬುಡದಲ್ಲಿ ಹರಿದರೆ ಅಡಿಯ ಮರಳುಪದರಕ್ಕೆ ನೀರು ನೇರವಾಗಿ ನುಗ್ಗುತ್ತದೆ. ಗೋಡನ್ನು ಏರಿಯಿಂದ ದೂರದಲ್ಲಿ ತೆಗೆಯಬೇಕು.

ಈಗ ಮುಖ್ಯವಾದ ವಿಷಯ. ಹಿಂಬದಿಯಲ್ಲಿ ಕಾಣುವ ನೀರು ತಿಳಿಯಾಗಿದೆಯೇ, ಕದಡಿದೆಯೇ ಎಂಬುದನ್ನು ನೋಡತಕ್ಕದ್ದು. ತಿಳಿಯಾಗಿ, ದಿನದಿನವೂ ಒಂದೇ ಪ್ರಮಾಣದಲ್ಲಿ ಬರುತ್ತಿದ್ದರೆ ಅದು ಜಿನುಗು, ಕಾವಲಿಡಬೇಕು, ಹೆದರಬೇಕಾಗಿಲ್ಲ. ಕದಡಿ ಬಂದರೆ ಅದು ಏರಿಯ ಮಣ್ಣನ್ನೇ ಹೊತ್ತು ತರುತ್ತಿದೆ. ಹೊರಬಾಯಿಯಲ್ಲಿ ಒಂದು ಹಿಡಿ ಮಣ್ಣು ಹೋದಂತೆಲ್ಲ ನೀರಿನ ದಾರಿ ಒಂದು ಹಿಡಿ ಮೊಟಕಾಗುತ್ತದೆ. ದಾರಿ ಮೊಟಕಾದಂತೆ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದಂತೆ ಇನ್ನಷ್ಟು ಮಣ್ಣು ಹೋಗುತ್ತದೆ. ಹೀಗೆ ಹೊರಗಿನಿಂದ ಒಳಕ್ಕೆ ಒಂದು ಕೊಳವೆ ಕೊರೆದುಕೊಂಡು ಹೋಗಿ ಕೆರೆಯ ನೀರನ್ನು ಮುಟ್ಟಿದ ಕ್ಷಣದಲ್ಲಿ ಏರಿಗೆ ಉಳಿವಿಲ್ಲ.

ಅಮೆರಿಕದ ಐಡಹೋ ಪ್ರಾಂತ್ಯದಲ್ಲಿ ಟೀಟನ್ ಎಂಬ ಮಣ್ಣಿನ ಅಣೆಕಟ್ಟು ಮೊದಲನೆಯ ಸಲ ನೀರು ತುಂಬುತ್ತಿದ್ದಾಗಲೇ ಒಡೆದುಹೋಯಿತು. ಅದು 300 ಅಡಿಗೂ ಮಿಕ್ಕಿ ಎತ್ತರವಾದದ್ದು. ನುರಿತ ಇಂಜಿನಿಯರುಗಳು ಕಟ್ಟಿದ್ದು. 1976ನೆಯ ಜೂನ್ 3ರಂದು ಅಣೆಕಟ್ಟಿನ ಕೆಳಭಾಗದಲ್ಲಿ ತಿಳಿನೀರಿನ ಜಿನುಗುಗಳು ಕಂಡವು. 5ನೆಯ ತಾರೀಖು ಬೆಳಿಗ್ಗೆ ಬಂದ ನೀರು ಕದಡಿತ್ತು. ತೂತನ್ನು ಮುಚ್ಚಲು ಕಳುಹಿಸಿದ ಎರಡು ಬುಲ್‌ಡೋಜರುಗಳನ್ನೇ ಅದು ನುಂಗಿತು. ನಡೆಸುತ್ತಿದ್ದವರು ಹೇಗೋ ಪಾರಾದರು. ಮಧ್ಯಾಹ್ನ 12 ಗಂಟೆಗೆ ಕೆಲವೇ ನಿಮಿಷಗಳಿರುವಾಗ ಅಣೆಕಟ್ಟಿನ ತಲೆ ಕುಸಿಯಿತು. 11 ಮಂದಿ ಸತ್ತರು; ಸಾವಿರಾರು ದನಗಳು ಕೊಚ್ಚಿಹೋದವು. ಕದಡಿದ ನೀರು ಕಂಡದ್ದಕ್ಕೂ ಅಣೆ ಒಡೆದದ್ದಕ್ಕೂ ನಡುವೆ ಇದ್ದ ಅವಧಿ ಒಂದು ಹೊತ್ತಿನ ಉಳುಮೆಗೆ ಹಿಡಿಯುವಷ್ಟು ಮಾತ್ರ.

ಆದ್ದರಿಂದ ಕದಡಿದ ನೀರನ್ನು ಕಂಡವನು ಅರ್ಜಿ ಬರೆಯುತ್ತ ಕೂರಕೂಡದು. ಮೊದಲು ಕೆರೆಯ ಕೆಳಗಿನ ಮನೆಗಳವರಿಗೆ ತಿಳಿಸಬೇಕು. ತೂಬೆತ್ತಿ ಕೆರೆಯ ಮಟ್ಟವನ್ನು ಇಳಿಸಲು ಏರ್ಪಡಿಸಬೇಕು. ಒಬ್ಬನನ್ನು ಓಡಿಸಿ ಸಂಬಂಧಪಟ್ಟ ಇಂಜಿನಿಯರಿಗೆ ಸುದ್ದಿ ಮುಟ್ಟಿಸಬೇಕು. ಇಲ್ಲಿ ಗ್ರಾಮಸ್ಥರು ಸಾಧಾರಣವಾಗಿ ಮಾಡುವ ಒಂದು ತಪ್ಪುಂಟು. ನೀರು ಬರುವ ಬಾಯಿಗೆ ಜೇಡಿಮಣ್ಣನ್ನು ಮೆತ್ತಿ ತುಳಿಯುತ್ತಾರೆ. ನೀರು ಅಲ್ಲಿ ನಿಂತರೂ ಒಳಗಿನ ಒತ್ತಡ ಹೆಚ್ಚಿ ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಮಾಡತಕ್ಕದ್ದೇನೆಂದರೆ, ನೀರನ್ನು ಬಿಟ್ಟು ಮಣ್ಣನ್ನು ಹಿಡಿಯುವುದು. ಬಾಯಿಯ ಮೇಲೆ ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಕಲ್ಲು ಹೀಗೆ ಹರಡಿದರೆ ನೀರು ಸೋಸಿ ತಿಳಿಯಾಗಿ ಹೊರಡುತ್ತದೆ, ಏರಿಯ ಮಣ್ಣು ಒಳಗೆ ಉಳಿಯುತ್ತದೆ. ನೆಲದಿಂದ ಉಕ್ಕುವ ಬಾಯಿಯಾದರೆ ಅದರ ಸುತ್ತ ಮರಳುಮೂಟೆಗಳನ್ನು ಬಾವಿಯ ಕಟ್ಟೆಯಂತೆ ಜೋಡಿಸಿ, ಒಳಗೆ ನೀರನ್ನು ಸ್ವಲ್ಪ ಎತ್ತರಕ್ಕೆ ನಿಲ್ಲಿಸುವುದು ಒಳ್ಳೆಯದು; ನಿಂತ ನೀರಿನ ಭಾರವು ಬರುವ ನೀರಿನ ವೇಗವನ್ನು ತಗ್ಗಿಸುತ್ತದೆ. ಇದು ಇಂಜಿನಿಯರು ಬರುವವರೆಗಿನ ಉಪಾಯವೇ ಹೊರತು ಶಾಶ್ವತವಾದ ದುರಸ್ತಿಯಲ್ಲ.

ಏಡಿ, ಹೆಗ್ಗಣಗಳ ಬಿಲ, ಗೆದ್ದಲಿನ ಹುತ್ತ, ಏರಿಯ ಮೇಲೆ ಬೆಳೆದು ಸತ್ತ ಮರದ ಕೊಳೆತ ಬೇರು ಇವೆಲ್ಲವೂ ಮೊದಲೇ ಕೊರೆದಿಟ್ಟ ಕೊಳವೆಗಳು. ಏರಿಯ ಮೇಲಿನ ಮರ ನೆರಳಿಗೆ ಚೆನ್ನಾಗಿರುತ್ತದೆ. ಆದರೂ ಗಿಡವಾಗಿದ್ದಾಗಲೇ ಅದನ್ನು ಕೀಳುವುದು ಲೇಸು.

ನಾಲೆಯ ಜಿನುಗು

ನಾಲೆಯಿಂದ ನಷ್ಟವಾಗುವ ನೀರಿನ ಪ್ರಮಾಣವನ್ನು ರೈತರು ನಂಬುವುದು ಕಷ್ಟ. ಒಳಹೊದಿಕೆಯಿಲ್ಲದ ಮಣ್ಣಿನ ನಾಲೆಯಲ್ಲಿ ನೆನೆಯುವ ಪ್ರತಿ ಹತ್ತು ಲಕ್ಷ ಚದರಡಿಗೆ 8 ಕ್ಯೂಸೆಕ್ ನೀರು ಜಿನುಗುತ್ತದೆಂಬುದು ಇಂಜಿನಿಯರುಗಳು ಅಂದಾಜಿಗೆ ಹಿಡಿಯುತ್ತ ಬಂದ ಲೆಕ್ಕ. ಇದರ ಅರ್ಥವೇನೆಂದರೆ, ನಾಲೆಯಲ್ಲಿ ನೀರನ್ನು ನಿಲ್ಲಿಸಿದರೆ ಒಂದು ದಿವಸದಲ್ಲಿ ಸುಮಾರು 8 ಅಂಗುಲ ಇಳಿಯುತ್ತದೆ. ತಳವೂ ಎರಡು ಪಕ್ಕಗಳೂ ಸೇರಿ 12 ಅಡಿ ನೆನೆಯುವ ಒಂದು ಸಣ್ಣ ಕವಲುನಾಲೆಯನ್ನು ತೆಗೆದುಕೊಂಡರೆ, ಒಂದು ಮೈಲಿಯ ಉದ್ದದಲ್ಲಿ ಅರ್ಧ ಕ್ಯೂಸೆಕ್ ಹೋಗುತ್ತದೆ. ದಿನಕ್ಕೆ ಒಂದು ಎಕರೆಯ ಮೇಲೆ ಒಂದು ಅಡಿ ನಿಲ್ಲುವಷ್ಟು ನೀರು ಸದ್ದಿಲ್ಲದೆ ಪಕ್ಕದ ನೆಲಕ್ಕೆ ಸೇರುತ್ತದೆ. ಮಣ್ಣು ಜೇಡಿಯಾದರೆ ಇದಕ್ಕಿಂತ ಕಡಮೆ, ಮರಳಾದರೆ ಹೆಚ್ಚು.

ಹೀಗೆ ಸೇರಿದ ನೀರು ಮಾಡುವ ಹಾನಿ ಹಿಂದೂಸ್ಥಾನದಲ್ಲಿ ಮೊದಲು ತಿಳಿದದ್ದು ಉತ್ತರದಲ್ಲಿ. ಪಶ್ಚಿಮ ಯಮುನಾ ನಾಲೆಯ ಪಕ್ಕದ ಕರ್ನಾಲ್ ಸೀಮೆಯಲ್ಲಿ ನೆಲ ಜೌಗಾಗಿ, ಚಳಿಜ್ವರ ಹೆಚ್ಚಿ, ಹೊಲಗಳ ಮೇಲೆ ಬಿಳಿಯ ಉಪ್ಪು ಹರಡಿತು. ಸರ್ಕಾರವು ನೇಮಿಸಿದ ಮೂವರ ಸಮಿತಿ 1847ರಲ್ಲಿ ವರದಿ ಒಪ್ಪಿಸಿತು. ಅದರಲ್ಲಿದ್ದ ವೈದ್ಯ ಡೆಂಪ್‌ಸ್ಟರ್ ಎಂಬುವನು ಹಳ್ಳಿಯವರ ಹೊಟ್ಟೆಯನ್ನು ಮುಟ್ಟಿ, ಗುಲ್ಮ ಬೆಳೆದವರೆಷ್ಟು ಮಂದಿ ಎಂದು ಎಣಿಸಿ, ಅದರಿಂದ ನೆಲದ ಜೌಗನ್ನೂ ಜ್ವರವನ್ನೂ ಹೋಲಿಸಿದನು. ಇನ್ನೊಬ್ಬ ಸದಸ್ಯ ಹೆನ್ರಿ ಯೂಲ್ ಎಂಬ ಇಂಜಿನಿಯರು. ಹಿಂದೂಸ್ಥಾನದ ಮಾತುಗಳು ಇಂಗ್ಲಿಷಿನೊಳಕ್ಕೆ ಹೇಗೆ ಜಿನುಗಿದವೆಂಬುದನ್ನು ತೋರಿಸುವ ‘ಹಾಬ್‌ಸನ್ ಜಾಬ್‌ಸನ್’ ಎಂಬ ಪ್ರಸಿದ್ಧ ನಿಘಂಟನ್ನು ಬರ್ನೆಲ್ ಎಂಬುವನೊಡನೆ ಸೇರಿ ರಚಿಸಿ ಮುಂದೆ 1886ರಲ್ಲಿ ಪ್ರಕಟಿಸಿದವನು ಇವನೇ.

ದಖ್ಖಣದಲ್ಲಿ ಇದೇ ಕಥೆ ನೀರಾ ನಾಲೆಯ ಕೆಳಗೆ ನಡೆಯಿತು. ಕಬ್ಬಿಗೆ ಯಥೇಷ್ಟವಾಗಿ ನೀರು ಹರಿಸಿದ ಕಪ್ಪು ಭೂಮಿಗಳು ಚೌಳಾದವು. ಪುಣೆಯ ವ್ಯವಸಾಯ ಕಾಲೇಜಿನ ಹೆರಾಲ್ಡ್ ಮ್ಯಾನ್ ಎಂಬ ರಸಾಯನಶಾಸ್ತ್ರಜ್ಞರು ಆ ಭೂಮಿಗಳನ್ನು ಪರೀಕ್ಷಿಸಿ 1910ರಲ್ಲಿ ವಿವರಗಳನ್ನು ಪ್ರಕಟಿಸಿದರು. ಅದೇ ಬೊಂಬಾಯಿ ಪ್ರಾಂತ್ಯದ ನಾಲೆಗಳಲ್ಲಿ ಕೆಲಸಮಾಡಿದ ಸರ್ ಎಂ. ವಿಶ್ವೇಶ್ವರಯ್ಯನವರು ಬೆಳೆಗಳನ್ನು ತುಂಡುತುಂಡಾಗಿ ವಿಂಗಡಿಸಿ ನೀರು ಕೊಡುವ ಬ್ಲಾಕ್ ಪದ್ಧತಿಯನ್ನು ಅಲ್ಲಿ ಆಚರಣೆಗೆ ತಂದಿದ್ದರು. ಕೃಷ್ಣರಾಜಸಾಗರದ ಇರ್ವಿನ್ ನಾಲೆಯ, ಎಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯ, ಅಚ್ಚುಕಟ್ಟಿನಲ್ಲಿಯೂ ಅದೇ ಪದ್ಧತಿಯನ್ನನುಸರಿಸಿ ಕಬ್ಬು, ಬತ್ತ, ಕಡಮೆ ನೀರಿನ ಬೆಳೆ ಇವುಗಳನ್ನು ಸರದಿಯಲ್ಲಿ ಬೆಳೆಯಲು ಗೊತ್ತುಮಾಡಲಾಗಿತ್ತು. ಕಬ್ಬಿನ ಆದಾಯವನ್ನು ಕಂಡ ರೈತರು ಸರದಿಯನ್ನು ಮರೆತದ್ದು ಆಶ್ಚರ್ಯವಲ್ಲ. ಆದರೆ ಮೇಲಿನ ತಾಕಿನವನು ವರ್ಷವೆಲ್ಲ ನೀರು ನಿಲ್ಲಿಸಿದರೆ ಕೆಳಗಿನ ತಾಕಿನವನ ರಾಗಿ ಹಳದಿಯಾಗುತ್ತದೆ. ಅನೇಕ ಬದುವಿನ ಜಗಳಗಳ ಬುಡದಲ್ಲಿ ಇರುವುದು ಗಡಿಯಲ್ಲ, ಬಸಿನೀರು. 1953ರಿಂದ ನೀರು ಪಡೆದ ತುಂಗಭದ್ರಾ ನಾಲೆಗಳ ಕೆಳಗೆ, ಗಂಗಾವತಿ, ಸಿಂಧನೂರು ಕಡೆಯ ಎರೆಭೂಮಿಯಲ್ಲಿ, ಜೌಗೂ ಚೌಳೂ ಇನ್ನೂ ಉಗ್ರವಾಗಿ ಕಾಣಿಸಿಕೊಂಡವು.

ಭೂಮಿ ಕೆಡುವ ಮೊದಲು ಅದು ಹೇಳಿಯೇ ಕೆಡುತ್ತದೆ. ಜೊಂಡು, ಆಪು ಹುಟ್ಟುತ್ತವೆ. ಉಳುವಾಗ ಎತ್ತಿನ ಕಾಲು ಹೂಳುತ್ತದೆ. ಬೇಸಗೆಯ ಬೆಳಿಗ್ಗೆ ಮಣ್ಣಿನ ಮೇಲೆ ಸುಣ್ಣ ಚೆಲ್ಲಿದಂತೆ ಬೆಳ್ಳಗೆ ಕಾಣುತ್ತದೆ. ಇಂಥ ಸವುಳು ಮಣ್ಣನ್ನು ಹಿಂದೆ ಅಗಸರು ಬಟ್ಟೆ ಒಗೆಯಲು ಒಯ್ಯುತ್ತಿದ್ದರು. ಇವು ಯಾವುವೂ ಇಲ್ಲದಿರುವಾಗಲೇ ಪರೀಕ್ಷಿಸಬೇಕೆಂದರೆ ಹೊಲದಲ್ಲಿ ಆರು ಅಡಿ ಆಳದ ಒಂದು ಕಿರಿದಾದ ಗುಂಡಿಯನ್ನು ತೋಡಿ, ಬಾಯಿ ಮುಚ್ಚಿ, ಮರುದಿನ ಬೆಳಿಗ್ಗೆ ನೀರು ಎಲ್ಲಿ ನಿಂತಿದೆಯೆಂದು ಕೋಲಿನಿಂದ ಅಳೆಯತಕ್ಕದ್ದು. ಮೂರು ಅಡಿಗಿಂತ ಮೇಲಿದ್ದರೆ ಬೇರುಗಳಿಗೆ ಉಸಿರಿಲ್ಲ. ಐದಾರು ಅಡಿಯೊಳಗಿದ್ದರೂ ಎರೆಮಣ್ಣಿನಲ್ಲಿ ನಿಶ್ಚಿಂತೆಯಿಂದಿರಲಾಗದು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ನೀರು ಮೇಲೇರಿ ಬಿಸಿಲಿಗೆ ಆರಿ, ತಂದ ಉಪ್ಪನ್ನು ಮೇಲೆಯೇ ಬಿಡುತ್ತದೆ.

ಆ ಉಪ್ಪು ಎಲ್ಲಿಂದ ಬಂದಿತೆಂದರೆ, ಮಣ್ಣಿನಿಂದ ಸ್ವಲ್ಪ, ನಾಲೆಯ ನೀರಿನಿಂದಲೇ ಸ್ವಲ್ಪ. ಲಕ್ಷ ಪಾಲು ನೀರಿನಲ್ಲಿ 30 ಪಾಲು ಉಪ್ಪಿದ್ದರೆ ನಾಲಿಗೆಗೆ ಗೊತ್ತಾಗುವುದಿಲ್ಲ. ಆದರೂ ಒಂದು ಎಕರೆಗೆ ಒಂದು ಅಡಿ ನೀರು ಹಾಯಿಸಿದಾಗ 800 ಪೌಂಡು ಉಪ್ಪನ್ನು ಚೆಲ್ಲಿದಂತಾಯಿತು. ನೀರು ಹೊರಗೆ ಬಸಿಯದಿದ್ದರೆ ಈ ಲೆಕ್ಕ ವರ್ಷವರ್ಷವೂ ಕೂಡುತ್ತಲೇ ಹೋಗುತ್ತದೆ.

ಇದಕ್ಕೆ ಮದ್ದು ಬಸಿಗಾಲುವೆಯೇ. ನಾಲೆಗೂ ಹೊಲಕ್ಕೂ ನಡುವೆ, ತೇವ ಮೊದಲು ಕಾಣುವ ಕಡೆ, ಇಳಿಜಾರಿಗೆ ಅಡ್ಡವಾಗಿ ಮೂರು ನಾಲ್ಕು ಅಡಿ ಆಳಕ್ಕೆ ತೆಗೆದು ಹಳ್ಳಕ್ಕೆ ಸೇರಿಸಬೇಕು. ಇಳಿಜಾರಿನ ಗುಂಟ ತೆಗೆದ ಕಾಲುವೆ ಬರುವ ನೀರನ್ನು ತಡೆಯುವುದಿಲ್ಲ. ನಾಲೆಯ ದಂಡೆಗೆ ತೀರ ಹತ್ತಿರ ತೆಗೆಯುವುದೂ ತಪ್ಪು; ಹಿಂದೆ ಹೇಳಿದ ನಿಯಮದಂತೆ ದಾರಿ ಮೊಟಕಾಗಿ ನಾಲೆಯಿಂದ ಇನ್ನೂ ಹೆಚ್ಚು ನೀರು ಹೊರಡುತ್ತದೆ. ನೆಲ ಹಾಳಾಗಬಾರದೆನ್ನುವವರು ಕಾಲುವೆಯೊಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು ತುಂಬಿ ಮಣ್ಣು ಮುಚ್ಚಿ ಸಾಗುವಳಿ ಮಾಡಬಹುದು. ಒಬ್ಬನೇ ತೆಗೆದರೆ ಪಕ್ಕದವನಿಗೆ ನೀರು ತಳ್ಳಿದಂತಾಗುವುದರಿಂದ ಬಯಲಿನವರೆಲ್ಲ ಕೂಡಿ ಹಳ್ಳದವರೆಗೂ ಒಂದೇ ಕಾಲುವೆಯನ್ನು ತೆಗೆಯುವುದು ಮೇಲು. ಮೇಲೆ ಬಿಳಿಯ ಉಪ್ಪು ಕಟ್ಟಿದ ಭೂಮಿಯಾದರೆ ಬಸಿಗಾಲುವೆಯ ಅನಂತರ ನೀರು ನಿಲ್ಲಿಸಿ ತೊಳೆದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಕರ್ಲು ಭೂಮಿ, ಎಂದರೆ ನೆನೆದಾಗ ಅಂಟಾಗಿ ಒಣಗಿದಾಗ ಕಲ್ಲಾಗಿ ನೀರನ್ನೇ ಇಂಗಗೊಡದ ಭೂಮಿ, ತೊಳೆದಷ್ಟಕ್ಕೆ ಸರಿಹೋಗದು. ಅದಕ್ಕೆ ಮಣ್ಣನ್ನು ಪರೀಕ್ಷೆಗೆ ಕಳುಹಿಸಿ, ಗೊತ್ತಾದ ಪ್ರಮಾಣದಲ್ಲಿ ಜಿಪ್ಸಂ ಹಾಕಿ, ಡಯಂಚ ಬಿತ್ತಿ ಹೂವಿಗೆ ಮೊದಲು ಉತ್ತು ಸೇರಿಸಬೇಕು. ಬಸಿಗಾಲುವೆಯಿಲ್ಲದೆ ಜಿಪ್ಸಂ ಕೊಳ್ಳುವುದು ಹಣವನ್ನು ಜೌಗಿಗೆ ಹಾಕಿದಂತೆ.

ಆದರೆ ಜಿನುಗುವುದೆಲ್ಲ ನಷ್ಟವೆಂದು ತಿಳಿಯಬಾರದು. ಮಧುಗಿರಿ, ಪಾವಗಡಗಳ ಕಡೆ ಮರಳುನೆಲದಲ್ಲಿ ತೋಡಿದ ತಲಪರಿಗೆಗಳು ಜಿನುಗುನೀರನ್ನೇ ಕೂಡಿಸಿ ಸಣ್ಣ ಕಾಲುವೆಯಲ್ಲಿ ಗದ್ದೆಗೆ ಒಯ್ದವು. ಮಳೆ ಹಿಂದಾದ ವರ್ಷ ಅಲ್ಲಿ ಅದೇ ಆಧಾರವಾಗಿತ್ತು. ಒಂದು ಕೆರೆಯ ಏರಿಯ ಕೆಳಗೆ ಬಸಿದ ನೀರು ಹಳ್ಳವಾಗಿ ಮುಂದಿನ ಕೆರೆಗೆ ಸೇರುತ್ತದೆ. ನಡುವಿನ ಬಾವಿಗಳಿಗೆ ಜಲ ಬರುವುದೂ ಅದರಿಂದಲೇ. ನಾಲೆಗಳಿಗೆ ಸಿಮೆಂಟಿನ ಹೊದಿಕೆ ಹಾಕಿದಾಗ ಮೇಲಿನ ಜೌಗು ಆರಿತೆಂದು ಒಬ್ಬನು ಸಂತೋಷಪಟ್ಟರೆ, ತನ್ನ ಬಾವಿ ಬತ್ತಿತೆಂದು ಇನ್ನೊಬ್ಬನು ದೂರುವುದುಂಟು; ಇಬ್ಬರ ಮಾತೂ ನಿಜ. ಕೊಳವೆಬಾವಿಗಳು ಬತ್ತಿದ ಸೀಮೆಗಳಲ್ಲಿ ಈಗ ಇಂಗುಕೆರೆ, ಇಂಗುಗುಂಡಿಗಳನ್ನು ಬೇಕೆಂದೇ ತೋಡುತ್ತಾರೆ. ಒಂದು ಕಡೆ ಶತ್ರುವಾದ ನೀರು ಇನ್ನೊಂದು ಕಡೆ ನಂಟನಾಗುವುದು ನೆಲದ ಆಳವನ್ನೂ ಇಳಿಜಾರನ್ನೂ ಅನುಸರಿಸಿದೆ.

ಇನ್ನು ಅರ್ಜಿ ಬರೆಯುವವರು ಬರಿಯ ‘ಸೀಪೇಜು’ ಎಂದು ಬರೆಯದೆ, ನೀರು ಜಿನುಗುತ್ತಿದೆಯೇ ಸೋರುತ್ತಿದೆಯೇ, ತಿಳಿಯೇ ಕದಡೇ, ಏರಿಯ ಮೈಯಲ್ಲಿಯೇ ಬುಡದಲ್ಲಿಯೇ ತೂಬಿನ ಪಕ್ಕದಲ್ಲಿಯೇ, ಕೆರೆ ತುಂಬಿದಾಗ ಹೆಚ್ಚಿತೇ, ಒಂದು ಕೊಡ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಕನ್ನಡದಲ್ಲಿಯೇ ಸ್ಪಷ್ಟವಾಗಿ ಬರೆಯಬೇಕು. ಕೊಡವನ್ನು ವಾರಕ್ಕೊಮ್ಮೆ ಅದೇ ಸ್ಥಳದಲ್ಲಿಟ್ಟು ಅಳೆದು, ಬಂದ ಲೆಕ್ಕವನ್ನು ತಾರೀಖಿನೊಡನೆ ತೂಬಿನ ಕಲ್ಲಿನ ಮೇಲೆ ಸುಣ್ಣದಿಂದ ಗುರುತಿಟ್ಟರೂ ಸಾಕು.